ಊರು ಬಿಟ್ಟ ಮೇಲೆ ಅಂಟಿಕೊಂಡ ಹೆಸರು

ಹೋದ ತಿಂಗಳು ಒಬ್ಬರು ಅಡ್ಡಹೆಸರಿಗೂ ಇನಿಶಿಯಲ್‌ಗೂ ಏನು ವ್ಯತ್ಯಾಸ ಅಂತ ಕೇಳಿದ್ದಕ್ಕೆ ನಾಲ್ಕೇ ಸಾಲು ಬರೆದು ಕೈ ತೊಳ್ಕೊಂಡಿದ್ದೆ. ಆಮೇಲೆ ಬಂದಿರೋ ಪತ್ರ, ಮೇಲು, ವಾಟ್ಸಾಪ್ ಮೆಸೇಜು ನೋಡಿದ್ರೆ ಪ್ರತಿಯೊಬ್ಬರಿಗೂ ತಮ್ಮ ಹೆಸರಿನ ಬಾಲದ ಮೇಲೆ ಒಂದು ಅನುಮಾನ ಇದ್ದೇ ಇದೆ ಅನ್ಸುತ್ತೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದೀನಿ. ಮೊದಲನೇ ಪತ್ರಕ್ಕೆ ಉತ್ತರ ಉದ್ದ ಆಗೋಯ್ತು, ಉಳಿದೋರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮ ಸರ್‌ನೇಮ್ ಹಟ್ಟಂಗಡಿ. ಹುಟ್ಟಿದ್ದು ಬೆಳೆದಿದ್ದು ಎಲ್ಲಾ ಮುಂಬೈ, ಮನೇಲಿ ಕೊಂಕಣಿ, ಅಜ್ಜಿ ಕೂರಿಸ್ಕೊಂಡು ಕಲಿಸಿದ್ದಕ್ಕೆ ಕನ್ನಡ ಓದೋಕೆ ಬರುತ್ತೆ. ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಬೆಂಗಳೂರಿನ ಹುಡುಗ 'ಮೇಡಂ ನಿಮ್ಮಜ್ಜಂಗೆ ಹತ್ತು ಅಂಗಡಿ ಇತ್ತಾ' ಅಂದ, ಎಲ್ರೂ ನಕ್ಕರು, ನಾನೂ ನಕ್ಕೆ, ಆದ್ರೆ ಉತ್ತರ ಗೊತ್ತಿರಲಿಲ್ಲ. ಅಪ್ಪ ಹೇಳೋದು ಅದು ಕುಂದಾಪುರದ ಹತ್ರ ಒಂದು ಊರು ಅಂತ. ಅದೇ ಅಪ್ಪ ನಾವು ಮೂಲ ಗೋವಾದೋರು, ಪೋರ್ಚುಗೀಸರ ಕಾಟಕ್ಕೆ ಓಡಿ ಬಂದೋರು ಅಂತಾನೂ ಹೇಳ್ತಾರೆ. ಗೋವಾದೋರಾದ್ರೆ ಗೋವಾದ ಊರಿನ ಹೆಸರು ಇರಬೇಕಲ್ವಾ? ಎರಡರಲ್ಲಿ ಯಾವುದು ನಿಜ?
— ಹೆಸರು ಬೇಡ, ಗೋರೆಗಾಂವ್, ಮುಂಬೈ

ಉತ್ತರ: ಎರಡೂ ನಿಜ ತಂಗಿ. ಸುಳ್ಳು ಅಂದ್ರೆ ಆ ಹತ್ತು ಅಂಗಡಿ ಮಾತ್ರ.

ಊರಿನ ಹೆಸರು ಸರಿಯಾಗಿ ಹಟ್ಟಿಅಂಗಡಿ, ಕುಂದಾಪುರ ತಾಲ್ಲೂಕು, ವಾರಾಹಿ ಹೊಳೆ ದಂಡೆ ಮೇಲೆ, ಈಗ ಸಿದ್ಧಿವಿನಾಯಕ ದೇವಸ್ಥಾನದಿಂದ ಎಲ್ಲರಿಗೂ ಗೊತ್ತು. ಕರಾವಳಿ ಕಡೆ ಹಳೇ ಪೇಟೆ ಇದ್ದ ಜಾಗಕ್ಕೆ ಅಂಗಡಿ ಅಂತ ಬಾಲ ಬರೋದು ಸಾಮಾನ್ಯ, ಉಪ್ಪಿನಂಗಡಿ ಇದೆ, ಬೆಳ್ತಂಗಡಿ ಇದೆ, ಹಳೆಯಂಗಡಿ ಇದೆ. ಉಪ್ಪಿನಂಗಡೀಲಿ ನೇತ್ರಾವತಿ ಕುಮಾರಧಾರಾ ಸೇರುತ್ತೆ, ಹಟ್ಟಿಅಂಗಡೀಲಿ ವಾರಾಹಿ, ದೋಣಿ ಬರೋ ಕಡೆ ವ್ಯಾಪಾರ ಇದ್ದೇ ಇರುತ್ತಲ್ಲ. ನಿಮ್ಮ ಹೆಸರು ಮುಂಬೈಗೆ ಹೋಗಿ ಹಿಂದಿ ಮರಾಠಿ ಬಾಯಲ್ಲಿ ಉರುಳಾಡಿ ಇಕಾರ ಕಳ್ಕೊಂಡು ಹಟ್ಟಂಗಡಿ ಆಗಿದೆ, ಇನ್ನೊಂದು ತಲೆಮಾರು ಬಿಟ್ರೆ ಹತ್ತಂಗಡೀನೇ ಆಗಬಹುದು, ಆಗ ಆ ಹುಡುಗ ಹೇಳಿದ್ದೇ ನಿಜ ಆಗ್ಬಿಡುತ್ತೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಗೋವಾದೋರಿಗೆ ಕುಂದಾಪುರದ ಊರಿನ ಹೆಸರು ಹೆಂಗೆ. ಇದಕ್ಕೆ ಮೊದಲು ನಮ್ಮನೇದೇ ಒಂದು ಕಥೆ ಹೇಳ್ತೀನಿ. ನಮ್ಮಪ್ಪಂಗೆ ಸಾಗರದಿಂದ ಮೈಸೂರಿಗೆ ಟ್ರಾನ್ಸ್‌ಫರ್ ಆಯ್ತು, ಅವತ್ತಿಂದ ಆ ಬೀದಿಗೆಲ್ಲ ನಾವು ಸಾಗರದೋರು, ನಮ್ಮಮ್ಮ ಸಾಗರದಮ್ಮ, ಹಾಲಿನೋನ ಪುಸ್ತಕದಲ್ಲೂ ಅದೇ. ನಾವು ಸಾಗರದಲ್ಲಿ ಇದ್ದಿದ್ದು ಬರೀ ಐದು ವರ್ಷ, ಅದಕ್ಕೂ ಮುಂಚೆ ಘಟ್ಟದ ಕೆಳಗೆ ತಲೆಮಾರುಗಟ್ಟಲೆ ಇದ್ವಿ, ಅದನ್ನ ಯಾರು ಕೇಳ್ತಾರೆ? ಸಾಗರದಲ್ಲಿ ಇದ್ದಾಗ ಒಬ್ರೂ ನಮ್ಮನ್ನ ಸಾಗರದೋರು ಅನ್ನಲಿಲ್ಲ, ಯಾಕಂದ್ರೆ ಅಲ್ಲಿ ಎಲ್ರೂ ಸಾಗರದೋರೇ. ಊರಿನ ಹೆಸರು ಅಂಟೋದು ಊರು ಬಿಟ್ಟ ಮೇಲೆ, ಅದೂ ಕೊನೇದಾಗಿ ಬಿಟ್ಟ ಊರು. ಅದಕ್ಕೆ ಹಿಂದೆ ಎಷ್ಟು ಊರು ಬಿಟ್ಟಿದ್ರೂ ಅವು ಹೆಸರಲ್ಲಿ ಕಾಣಲ್ಲ.

ಹೆಸರು, ಮನೆಮಾತು ನೋಡಿದ್ರೆ ನೀವು ಚಿತ್ರಾಪುರ ಸಾರಸ್ವತರು, ಅಂದ್ರೆ ಶಿರಾಲಿ ಮಠದ ಕೊಂಕಣಿ ಬ್ರಾಹ್ಮಣರು. ನಿಮ್ಮೋರ ಹೆಸರುಗಳನ್ನ ಸುಮ್ನೆ ಸಾಲಾಗಿ ಓದಿ ನೋಡಿ: ಕಾರ್ನಾಡ್, ಪಡುಕೋಣೆ, ಬಿಜೂರು, ಗುಲ್ವಾಡಿ, ಹೆಮ್ಮಾಡಿ, ತ್ರಾಸಿ, ಬಸ್ರೂರು, ಕಲ್ಯಾಣಪುರ, ಉಳ್ಳಾಲ, ಮೂಡಬಿದ್ರಿ, ಹಳದೀಪುರ, ಮಾವಿನಕುರ್ವೆ, ಕಾಯ್ಕಿಣಿ. ಇದು ಸಮಾಜದ ಪಟ್ಟಿಯೋ ಮಂಗಳೂರಿಂದ ಕುಮಟಾಕ್ಕೆ ಹೋಗೋ ಬಸ್ಸಿನ ಬೋರ್ಡೋ ಅನ್ನೋ ಹಂಗಿದೆ. ಒಂದೇ ಒಂದು ಗೋವಾದ ಊರು ಹುಡುಕಿದ್ರೂ ಸಿಗೋದು ಕಷ್ಟ. ಪಡುಕೋಣೆ ಅನ್ನೋದು ಮರವಂತೆ ಹತ್ರ ಸೌಪರ್ಣಿಕಾ ಹೊಳೆ ಪಕ್ಕದ ಊರು. ಆ ಹೆಸರು ಹೊತ್ತೋರಲ್ಲಿ ಗುರುದತ್ ಹುಟ್ಟಿದ್ದು 1925ರಲ್ಲಿ ಬೆಂಗಳೂರಲ್ಲಿ (ಅವರು ಸಿನಿಮಾಕ್ಕೆ ಹೋಗಿ ಪಡುಕೋಣೆ ಬಿಟ್ಟೇ ಬಿಟ್ರು), ಪ್ರಕಾಶ್ ಪಡುಕೋಣೆ 1955ರಲ್ಲಿ ಬೆಂಗಳೂರಲ್ಲಿ, ಮಗಳು ದೀಪಿಕಾ 1986ರಲ್ಲಿ ಕೋಪನ್‌ಹೇಗನ್‌ನಲ್ಲಿ. ಊರಿನ ಹೆಸರನ್ನ ಜಗತ್ತಿಗೆಲ್ಲ ಗೊತ್ತು ಮಾಡಿದ ಮೂವರಲ್ಲಿ ಒಬ್ಬರೂ ಆ ಊರಲ್ಲಿ ಹುಟ್ಟಿಲ್ಲ, ಹುಟ್ಟಿ ಅಲ್ಲೇ ಇದ್ದಿದ್ರೆ ಹೆಸರೇ ಬೇರೆ ಇರ್ತಿತ್ತು.

ಗೋವಾ ಕಥೆಗೆ ಬರೋಣ. ವಾಟ್ಸಾಪಲ್ಲಿ ಬರೋ ವರ್ಷನ್ ನಿಮಗೂ ಬಂದಿರುತ್ತೆ, ಒಂದು ರಾತ್ರಿ ದೇವರನ್ನ ಪೆಟ್ಟಿಗೇಲಿಟ್ಟು ದೋಣಿ ಹತ್ತಿದ್ರು, ಬೆಳಗಾಗೋದರೊಳಗೆ ಕೆನರಾ ಸೇರಿದ್ರು ಅಂತ. ಅಷ್ಟು ಸಲೀಸಾಗಿ ಇರಲಿಲ್ಲ ಅದು. ಪೋರ್ಚುಗೀಸರು ಗೋವಾ ಪಟ್ಟಣ ಹಿಡಿದಿದ್ದು 1510, ಆಗ ಅವರ ಕೈಲಿದ್ದಿದ್ದು ಆ ಪಟ್ಟಣ ಇದ್ದ ತಿಸ್ವಾಡಿ ಸೀಮೆ ಮಾತ್ರ. ಅಕ್ಕಪಕ್ಕದ ಸಾಷ್ಟಿ, ಬಾರ್ದೇಶ ಸೀಮೆಗಳು ಬಿಜಾಪುರದ ಆದಿಲಶಾಹಿಯಿಂದ ಅವರ ಕೈಗೆ ಹೋಗಿದ್ದು 1543ರಲ್ಲಿ. ತಿಸ್ವಾಡೀಲಿ ದೇವಸ್ಥಾನ ಕೆಡವಿದ್ದು 1540ರ ಹೊತ್ತಿಗೆ, ಸಾಷ್ಟೀಲಿ 1560ರ ದಶಕದಲ್ಲಿ, ಇನ್‌ಕ್ವಿಸಿಶನ್ ಅನ್ನೋ ಧರ್ಮವಿಚಾರಣೆ ಕೋರ್ಟು ಗೋವಾಕ್ಕೆ ಬಂದಿದ್ದು 1560ರಲ್ಲಿ, ಅದು ಪೂರ್ತಿ ಮುಚ್ಚಿದ್ದು 1812ರಲ್ಲಿ. ಅಂದ್ರೆ ಇನ್ನೂರೈವತ್ತು ವರ್ಷ. ಈ ಇನ್ನೂರೈವತ್ತು ವರ್ಷದಲ್ಲಿ ಒಬ್ಬರು ಮೊದಲೇ ಹೋದ್ರು, ಇನ್ನೊಬ್ಬರು ತಡೆದು ಹೋದ್ರು, ಕೆಲವರು ಹೊಳೆ ದಾಟಿ ಫೋಂಡಾದಲ್ಲೇ ನಿಂತ್ರು, ಕೆಲವರು ಕಾರವಾರ ಅಂಕೋಲ, ಕೆಲವರು ಕೊಚ್ಚಿ ಆಲಪ್ಪುಳದ ತನಕ.

ದೇವರುಗಳೂ ಹಂಗೇ. ಕುಶಸ್ಥಳಿಯ ಮಂಗೇಶ 1560ರಲ್ಲಿ ಜುವಾರಿ ಹೊಳೆ ದಾಟಿ ಪ್ರಿಯೋಳಕ್ಕೆ ಹೋದ, ಕೆಳೋಶಿಯ ಶಾಂತಾದುರ್ಗೆ ಕವಳೆಗೆ, ವೆರ್ಣೆಯ ಮಹಾಲಸೆ ಮಾರ್ದೋಳಕ್ಕೆ, ಲೋಟ್ಲಿಯ ರಾಮನಾಥ ಬಾಂದಿವಡೆಗೆ. ಫೋಂಡಾ ಆಗ ಪೋರ್ಚುಗೀಸರ ಕೈಲಿ ಇರಲಿಲ್ಲ ಅನ್ನೋದೇ ಕಾರಣ, ಹೊಳೆಯ ಆ ದಡ ಬೇರೆ ರಾಜ್ಯ. ಮಜಾ ಏನಂದ್ರೆ ಮಂಗೇಶ ನೆಲೆಸಿದ ಆ ಹೊಸ ಜಾಗಕ್ಕೇ ಮಂಗೇಶಿ ಅನ್ನೋ ಹೆಸರು ಬಂತು, ಅಲ್ಲಿ ಪೂಜೆ ಮಾಡ್ತಿದ್ದ ಮನೆತನದ ಹುಡುಗ ದೀನಾನಾಥ ಊರು ಬಿಟ್ಟು ನಾಟಕ ಕಂಪನಿ ಸೇರಿದ ಮೇಲೆ ಮಂಗೇಶ್ಕರ್ ಅಂತ ಹೆಸರು ಇಟ್ಕೊಂಡ್ರು, ಆಮೇಲೆ ಲತಾ ಮಂಗೇಶ್ಕರ್. ವಲಸೆ ಬಂದ ದೇವರಿಂದ ಊರಿಗೆ ಹೆಸರು, ಆ ಊರಿಂದ ವಲಸೆ ಹೋದೋರಿಗೆ ಆ ಹೆಸರು.

ಮತ್ತೆ ಎಲ್ಲರೂ ಹೆದರಿ ಬಂದೋರೇ ಅನ್ನೋದೂ ಸರಿಯಲ್ಲ. ಪೋರ್ಚುಗೀಸರು ಬರೋದಕ್ಕೆ ಮುಂಚೇನೇ ಸಾರಸ್ವತರು ಕೆನರಾದಲ್ಲಿ ಓಡಾಡ್ತಿದ್ರು, ಗೋಕರ್ಣ ಪರ್ತಗಾಳಿ ಮಠದ ಪರಂಪರೆ 1475ಕ್ಕೆ ಹೋಗುತ್ತೆ, ಭಟ್ಕಳದಲ್ಲಿ ಅವರ ಹಳೇ ಮಠ ಇದೆ. ನಿಮ್ಮ ಹಟ್ಟಿಅಂಗಡಿ ಪಕ್ಕದ ಬಸ್ರೂರು ಅಂತೂ ಆ ಕಾಲದ ದೊಡ್ಡ ಬಂದರು, ಕೆನರಾದ ಅಕ್ಕಿ ಹಡಗು ತುಂಬಿ ಹೋಗ್ತಿದ್ದಿದ್ದು ಅಲ್ಲಿಂದ. ಶಿವಾಜಿ 1665ರಲ್ಲಿ ಸಮುದ್ರದ ಮೇಲಿಂದ ಬಂದು ಲೂಟಿ ಮಾಡಿದ್ದೂ ಅದೇ ಬಸ್ರೂರನ್ನ, ಖಾಲಿ ಊರಾಗಿದ್ರೆ ಅಷ್ಟು ದೂರ ಯಾರು ಬರ್ತಾರೆ. ಗೋವಾದ ಪೋರ್ಚುಗೀಸರು ಊಟ ಮಾಡ್ತಿದ್ದಿದ್ದು ಈ ಅಕ್ಕೀನೇ, ಅದನ್ನ ಮಾರ್ತಿದ್ದೋರಲ್ಲಿ ಸಾರಸ್ವತ ವ್ಯಾಪಾರಿಗಳೂ ಇದ್ರು. ಯಾರ ಕಾಟಕ್ಕೆ ಊರು ಬಿಟ್ರೋ ಅವರಿಗೇ ಅಕ್ಕಿ ತೂಗಿ ಕೊಟ್ಟು ದುಡ್ಡು ಎಣಿಸ್ಕೊಂಡ್ರು. ನನಗಂತೂ ಇದು ಆ ಮಧ್ಯರಾತ್ರಿ ದೋಣಿ ಕಥೆಗಿಂತ ಹೆಚ್ಚು ಇಷ್ಟ.

ವ್ಯಾಪಾರ ಬಿಟ್ರೆ ಇನ್ನೊಂದು ದಾರಿ ಲೆಕ್ಕ ಬರಿಯೋದು. ಕರಾವಳಿ ಆಗ ಕೆಳದಿ ನಾಯಕರದು, ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು ಅಂದ್ರೆ ಈಗಿನ ಹೊಸನಗರ ತಾಲ್ಲೂಕಿನ ನಗರ. ಅವರಿಗೆ ಊರೂರಲ್ಲಿ ಕಂದಾಯದ ಲೆಕ್ಕ ಇಡೋ ಶಾನುಭೋಗರು ಬೇಕಿತ್ತು, ಓದು ಬರಹ ಗೊತ್ತಿದ್ದ ಶೆಣ್ವಿ ಅಂದ್ರೆ ಸಾರಸ್ವತ ಮನೆಗಳು ಆ ಕೆಲಸಕ್ಕೆ ಸೇರಿದ್ವು. ನಿಮ್ಮ ಮಠದ ಕಥೆಯೂ ಅಲ್ಲೇ ಶುರು ಆಗೋದು, ಬಂದಿರೋ ಈ ಜನಕ್ಕೆ ಗುರು ಯಾರು ಅಂತ ನಾಯಕರ ಕಡೆಯಿಂದ ಪ್ರಶ್ನೆ ಬಂತು, 1708ರಲ್ಲಿ ಗೋಕರ್ಣದಲ್ಲಿ ಪರಿಜ್ಞಾನಾಶ್ರಮರನ್ನ ಗುರುವಾಗಿ ಸ್ವೀಕಾರ ಮಾಡಿದ್ರು ಅಂತ ಮಠದ ಸಂಪ್ರದಾಯ ಹೇಳುತ್ತೆ, ಆಮೇಲೆ ಶಿರಾಲಿ ನೆಲೆ ಆಯ್ತು.

ಶಾನುಭೋಗಿಕೆ ಅಂದ್ರೆ ಊರಿಗೊಂದೇ ಮನೆ. ಇಲ್ಲಿ ನನ್ನದೊಂದು ಲೆಕ್ಕಾಚಾರ ಇದೆ, ಒಪ್ಪೋದು ಬಿಡೋದು ನಿಮಗೆ. ಪೇಟೇಲಿ ಗುಂಪಾಗಿ ಇದ್ದ ವ್ಯಾಪಾರದ ಸಾರಸ್ವತರು ಪೈ, ಕಾಮತ್, ಶೆಣೈ, ಪ್ರಭು, ಮಲ್ಯ, ಕಿಣಿ ಅಂತ ಹಳೇ ಹೆಸರನ್ನೇ ಉಳಿಸ್ಕೊಂಡ್ರು, ಯಾಕಂದ್ರೆ ಒಂದೇ ಬೀದೀಲಿ ಮನೆ ಮನೆಗೆ ವ್ಯತ್ಯಾಸ ಹೇಳೋಕೆ ಅದು ಬೇಕಿತ್ತು. ಊರಿಗೊಂದೇ ಮನೆ ಇದ್ದೋರಿಗೆ ಊರೇ ಗುರುತು. ಮಠಕ್ಕೆ ತೇರಿಗೆ ಬಂದಾಗ, ಮದುವೆ ಮಾತುಕತೆಗೆ ಕೂತಾಗ 'ಯಾವ ಸುಬ್ರಾಯ?' 'ಹಟ್ಟಿಅಂಗಡಿ ಸುಬ್ರಾಯ'. ಸಾಕಲ್ಲ.

ಇಷ್ಟಾದ್ರೂ ಅದಿನ್ನೂ ಸರ್‌ನೇಮ್ ಆಗಿರಲಿಲ್ಲ, ಬಾಯಿಮಾತಿನ ಗುರುತು ಅಷ್ಟೆ. ಸರ್‌ನೇಮ್ ಮಾಡಿದ್ದು ಬ್ರಿಟಿಷರ ಆಫೀಸು ಮತ್ತು ಮುಂಬೈ. ಟಿಪ್ಪು ತೀರ್ಕೊಂಡ 1799ರಲ್ಲಿ ಕೆನರಾ ಇಂಗ್ಲಿಷರಿಗೆ ಸಿಕ್ತು, ಮದರಾಸಿಗೆ ಸೇರಿಸಿದ್ರು. ಆಮೇಲೆ ಜಿಲ್ಲೆ ಎರಡು ಮಾಡಿ 1862ರಲ್ಲಿ ಉತ್ತರ ಕನ್ನಡವನ್ನ ಮುಂಬೈ ಪ್ರೆಸಿಡೆನ್ಸಿಗೆ ಕೊಟ್ರು, ದಕ್ಷಿಣ ಕನ್ನಡ ಮದರಾಸಲ್ಲೇ ಉಳೀತು. ಮದರಾಸಿನ ಪದ್ಧತೀಲಿ ಊರಿನ ಹೆಸರು ಮುಂದೆ ಇನಿಶಿಯಲ್ ಆಗಿ ಕೂರುತ್ತೆ, ಮುಂಬೈ ಪದ್ಧತೀಲಿ ಕೊನೆಗೆ ಅಡ್ಡಹೆಸರಾಗಿ ನಿಲ್ಲುತ್ತೆ. ಬೆನೆಗಲ್ ಅನ್ನೋ ಹೆಸರಲ್ಲಿ ಎರಡೂ ಕಾಣುತ್ತೆ. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್, ಅವರ ತಮ್ಮ, 1949ರಿಂದ 1957ರ ತನಕ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಬಿ. ರಾಮರಾವ್, ಇಬ್ಬರಿಗೂ ಬೆನೆಗಲ್ ಬರೀ 'ಬಿ' ಆಗಿ ಮುಂದೆ ಕೂತಿದೆ, ಸಿನಿಮಾದ ಶ್ಯಾಮ್ ಬೆನೆಗಲ್‌ಗೆ ಬರೋ ಹೊತ್ತಿಗೆ ರಾವ್ ಹೋಗಿ ಬೆನೆಗಲ್ ಹಿಂದಕ್ಕೆ ಬಂದು ಪೂರ್ತಿ ಆಗಿ ನಿಂತಿದೆ. ಉತ್ತರ ಕನ್ನಡದ ಕಡೆಯೋರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮರಾಠಿ ಕೊಂಕಣಿಯ 'ಕರ್' ಹಚ್ಚಿದ್ರು. ಹೊನ್ನಾವರ ಕುಮಟಾ ನಡುವಿನ ಚಂದಾವರದಿಂದ ಚಂದಾವರ್ಕರ್, ಆ ಹೆಸರಿನ ನಾರಾಯಣ ಗಣೇಶ ಚಂದಾವರ್ಕರ್ ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿ ಮುಂಬೈಗೆ ಓದೋಕೆ ಹೋದೋರು, 1900ರ ಲಾಹೋರ್ ಕಾಂಗ್ರೆಸ್‌ಗೆ ಅಧ್ಯಕ್ಷರಾದ್ರು.

ಹಿಂಗೆ ಓದಿಗೆ, ಗುಮಾಸ್ತೆ ಕೆಲಸಕ್ಕೆ ಅಂತ ಹೋದೋರು ಮುಂಬೈಲಿ ಬೇರೂರಿದ್ರು, 1906ರಲ್ಲಿ ಶಾಮರಾವ್ ವಿಠ್ಠಲ್ ಬ್ಯಾಂಕು, 1915ರಲ್ಲಿ ಗಾಮ್‌ದೇವೀಲಿ ಸಾರಸ್ವತ ಹೌಸಿಂಗ್ ಸೊಸೈಟಿ, ಎರಡರ ಹಿಂದೇನೂ ಶ್ರೀಪಾದ ಸುಬ್ಬರಾವ್ ತಲ್ಮಕಿ. ಒಂದೇ ಕಟ್ಟಡದಲ್ಲಿ ಇಪ್ಪತ್ತು ಮನೆ, ಎಲ್ಲರೂ ರಾವ್ ಅಂದ್ರೆ ಪೋಸ್ಟ್‌ಮ್ಯಾನ್ ಗತಿ ಏನಾಗ್ಬೇಕು? ನಿಮ್ಮ ಮುತ್ತಜ್ಜನೂ ರಾವ್ ಅಂತಲೇ ಬಂದು ಬಾಗಿಲ ಮೇಲೆ ಹಟ್ಟಂಗಡಿ ಅಂತ ಹಾಕ್ಕೊಂಡಿರಬಹುದು, ಹಳೇ ಸ್ಕೂಲ್ ಸರ್ಟಿಫಿಕೇಟ್ ಇದ್ರೆ ತೆಗೆದು ನೋಡಿ.

ಹಾಗಾದ್ರೆ ಗೋವಾದ ಗುರುತು ಎಲ್ಲಿ ಹೋಯ್ತು ಅಂದ್ರೆ ಅದು ಹೆಸರಲ್ಲಿ ಇಲ್ಲ, ದೇವರಲ್ಲಿ ಇದೆ. ನಿಮ್ಮ ಕುಲದೇವರು ಯಾರು ಅಂತ ಅಪ್ಪನ್ನ ಕೇಳಿ. ಮಂಗೇಶ ಅಂದ್ರೆ ಕುಶಸ್ಥಳಿ ಕಡೆ, ಶಾಂತಾದುರ್ಗಾ ಅಂದ್ರೆ ಕೆಳೋಶಿ ಕಡೆ, ಹಿಂಗೆ. ದೇವಸ್ಥಾನ ಈಗಿರೋ ಊರಲ್ಲ, ದೇವರು ಮೊದಲಿದ್ದ ಊರು ನೋಡ್ಬೇಕು, ಇದನ್ನ ಬಹಳ ಜನ ತಪ್ಪು ಮಾಡ್ತಾರೆ. ಆ ದೇವಸ್ಥಾನದಲ್ಲಿ ಕುಳಾವಿಗಳ, ಅಂದ್ರೆ ಆ ದೇವರಿಗೆ ನಡ್ಕೊಳ್ಳೋ ಮನೆತನಗಳ ಪುಸ್ತಕ ಇದ್ರೆ ನಿಮ್ಮ ಗೋತ್ರ, ಹೆಸರು ಹೇಳಿ ವಿಚಾರಿಸಿ. ಗೋಕರ್ಣದ ಉಪಾಧ್ಯರ ಮನೆ, ತ್ರ್ಯಂಬಕೇಶ್ವರ, ಗಯಾ ಪಂಡಾಗಳ ಹತ್ರಾನೂ ಯಾರ್ಯಾರು ಯಾವ್ಯಾವ ಊರಿಂದ ಬಂದು ಶ್ರಾದ್ಧ ಮಾಡಿಸಿದ್ರು ಅನ್ನೋ ಹಳೇ ವಹಿ ಇರುತ್ತೆ, ನಿಮ್ಮಜ್ಜನ ಸಹಿ ಸಿಕ್ಕಿದ್ರೂ ಸಿಗಬಹುದು.

ಹಟ್ಟಿಅಂಗಡಿಗೆ ಹೋಗಿ, ಆದ್ರೆ ಹೋಗಿ 'ಹಟ್ಟಂಗಡಿಯೋರ ಮನೆ ಎಲ್ಲಿ' ಅಂತ ಕೇಳಿದ್ರೆ ನಗ್ತಾರೆ. ಹಳೇ ಶಾನುಭೋಗರ ಮನೆ ಎಲ್ಲಿತ್ತು, ಕೊಂಕಣಿಯೋರ ಜಾಗ ಯಾವುದಿತ್ತು ಅಂತ ವಯಸ್ಸಾದೋರನ್ನ ಕೇಳಿ. ಕರಾವಳೀಲಿ ಎಷ್ಟೋ ಮನೆತನದ ಜಮೀನು 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಡಿಕ್ಲರೇಶನ್‌ನಲ್ಲಿ ಗೇಣಿದಾರರಿಗೆ ಹೋಯ್ತು. ಅದು ನ್ಯಾಯವೇ, ಉಳುಮೆ ಮಾಡಿದೋರಿಗೆ ಸಿಕ್ತು, ಆ ಜಗಳ ಇಲ್ಲಿ ಬೇಡ. ಆದ್ರೆ ಆ ಭೂನ್ಯಾಯ ಮಂಡಳಿ ಫೈಲುಗಳಲ್ಲಿ ಹಳೇ ವರ್ಗದಾರರ, ಅಂದ್ರೆ ಜಮೀನಿನ ಒಡೆಯರ ಹೆಸರು ತಂದೆ ಹೆಸರು ಸಮೇತ ಇರುತ್ತೆ, ಸರ್ವೆ ನಂಬರ್ ಒಂದು ಸಿಕ್ಕಿದ್ರೆ ತಾಲ್ಲೂಕು ಆಫೀಸಲ್ಲಿ ಅರ್ಜಿ ಹಾಕಿ. ವಂಶಾವಳಿ ಹುಡುಕೋರು ಪುರಾಣಕ್ಕೆ, ಪರಶುರಾಮನ ತನಕ ಓಡ್ತಾರೆ, ಐವತ್ತು ವರ್ಷದ ಹಿಂದಿನ ಕಾಗದ ಮಾತ್ರ ನೋಡಲ್ಲ.

ಪ್ರಶ್ನೆ: ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ ಐತ್ರಿ. ಈಗ ಬೆಂಗಳೂರಾಗ ನೌಕ್ರಿ. ಇಲ್ಲಿ ಮಂದಿಗೆ ಉಳ್ಳಾಗಡ್ಡಿ ಅಂದ್ರ ಏನಂತನ ತಿಳಿಯಂಗಿಲ್ಲ, ತಿಳಿದ ಮ್ಯಾಲೆ ನಗತಾರ. ನನ್ನ ಮಗ ಪಾಟೀಲ ಅಂತ ಬದಲ ಮಾಡ್ಸೂಣು ಅಂತಾನ. ಇದು ಹೆಂಗ ಬಂದಿರಬೇಕು?
— ಗದಗ ಕಡೆಯವ, ಸದ್ಯ ಬೆಂಗಳೂರು

ಉತ್ತರ: ಬದಲು ಮಾಡ್ಬೇಡಿ ಸಾರ್, ಅದೂ ಪಾಟೀಲ ಅಂತ! ನಿಮ್ಮ ಮಗನ ಕ್ಲಾಸಲ್ಲೇ ಆರು ಜನ ಪಾಟೀಲ ಇರ್ತಾರೆ, ಇವನು ಏಳನೆಯವನು ಆಗಿ ಏನ್ ಸಾಧಿಸ್ತಾನೆ.

ಉಳ್ಳಾಗಡ್ಡಿ ಅಂದ್ರೆ ಈರುಳ್ಳಿ ಅಂತ ದಕ್ಷಿಣದೋರಿಗೆ ಹೇಳ್ಬೇಕಾಗುತ್ತೆ ನಿಜ. ಉತ್ತರ ಕರ್ನಾಟಕದ ಅಡ್ಡಹೆಸರು ಅಂದ್ರೆ ಒಂದು ಸಂತೆ ಇದ್ದಂಗೆ, ಮೆಣಸಿನಕಾಯಿ ಇದ್ದಾರೆ, ಬೆಲ್ಲದ ಇದ್ದಾರೆ, ತುಪ್ಪದ, ಉಪ್ಪಿನ, ಜವಳಿ, ಅಂಗಡಿ, ಹತ್ತಿ. ಇವೆಲ್ಲ ಬಹುಪಾಲು ಮನೆ ಹಿರಿಯರೊಬ್ಬರು ಏನು ಮಾರ್ತಿದ್ರು, ಏನು ಬೆಳೀತಿದ್ರು ಅನ್ನೋದರಿಂದ ಬಂದಿರೋವು, ಕೆಲವು ಊರಿನೋರು ಗೇಲಿ ಮಾಡೋಕೆ ಇಟ್ಟಿದ್ದು ಅಂಟಿಕೊಂಡಿರೋವು. ಅಜ್ಜ ಒಂದು ವರ್ಷ ಉಳ್ಳಾಗಡ್ಡೀಲಿ ಚೆನ್ನಾಗಿ ದುಡ್ಡು ಮಾಡಿದ್ರೂ ಸಾಕು, ಒಂದು ವರ್ಷ ಮುಳುಗಿದ್ರೂ ಸಾಕು. ಮುಂಬೈ ಪ್ರೆಸಿಡೆನ್ಸೀಲಿ ತನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು ಅಂತ ಮೂರು ಕಾಲಂ ತುಂಬಬೇಕಿತ್ತು, ಶಾಲೆ ಮಾಸ್ತರು 'ನಿಮ್ಮ ಮನೆತನ ಯಾವುದೋ' ಅಂದಾಗ ಹುಡುಗ ಊರು ಏನು ಕರೀತಿತ್ತೋ ಅದನ್ನೇ ಹೇಳ್ದ, ಹಂಗೆ ಗಟ್ಟಿ ಆಯ್ತು.

ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ನಾಡಗೌಡ, ತಳವಾರ, ವಾಲೀಕಾರ ಎಲ್ಲ ಒಂದು ಕಾಲದ ಹುದ್ದೆಗಳು. ದಕ್ಷಿಣದ ಶಾನುಭೋಗ ಅನ್ನೋದು ಶಾಸನಗಳ ಸೇನಬೋವ, ಹೆಗ್ಗಡೆ ಹೆಗಡೆ ಅನ್ನೋದು ಹಳಗನ್ನಡದ ಪೆರ್ಗಡೆ. ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1961ರಲ್ಲಿ ಆಗಿ 1963ರ ಫೆಬ್ರವರೀಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಎಲ್ಲ ಹೋಯ್ತು. ಕೆಲಸ ಹೋಗಿ ಅರವತ್ತು ವರ್ಷ ದಾಟಿದೆ, ಹೆಸರಿನ ಗತ್ತು ಹೋಗಿಲ್ಲ, ಅದಕ್ಕೇ ನಿಮ್ಮ ಮಗಂಗೆ ಅದರ ಮೇಲೆ ಕಣ್ಣು. ಉಳ್ಳಾಗಡ್ಡಿ ಅಂದ್ರೆ ದುಡಿದು ತಿಂದ ಮನೆ ಅಂತ ಹೆಸರಲ್ಲೇ ಗೊತ್ತಾಗುತ್ತೆ. ಮತ್ತೆ ನಿಮ್ಮ ಕಡೆ ಹುಬ್ಬಳ್ಳಿ, ಸವಣೂರ, ಬ್ಯಾಡಗಿ ಅಂತ ಊರಿನ ಅಡ್ಡಹೆಸರು ಇರೋ ಸ್ನೇಹಿತರು ಇದ್ರೆ ಮೇಲಿನ ಉತ್ತರ ಓದೋಕೆ ಹೇಳಿ, ಅವರಿಗೂ ಅದೇ ನಿಯಮ.

ಪ್ರಶ್ನೆ: ನಾವು ಮಂಗಳೂರಿನ ಕ್ಯಾಥೊಲಿಕರು, ಡಿಸೋಜ. ಮಗಳು ಕೆನಡಾದಲ್ಲಿ ಓದ್ತಿದ್ದಾಳೆ, ಅಲ್ಲಿ ಯಾರೋ ನೀವು ಅರ್ಧ ಪೋರ್ಚುಗೀಸರು ಅಂದ್ರಂತೆ, ಈಗ ಡಿಎನ್‌ಎ ಟೆಸ್ಟ್ ಮಾಡಿಸ್ತೇನೆ ಅಂತ ಹಠ. ಮಾಡಿಸುದು ಬೇಕಾ?
— ಒಬ್ಬ ತಂದೆ, ಬೆಂದೂರು, ಮಂಗಳೂರು

ಉತ್ತರ: ದುಡ್ಡು ನಿಮ್ಮದು, ಆದ್ರೆ ಹೆಸರು ನೋಡಿ ಟೆಸ್ಟ್ ಮಾಡಿಸೋ ಅಗತ್ಯ ಇಲ್ಲ. ಗೋವಾದಲ್ಲಿ ದೀಕ್ಷಾಸ್ನಾನ ಆಗೋವಾಗ ಪಾದ್ರಿಯ ಹೆಸರೋ, ಜ್ಞಾನತಂದೆಯಾಗಿ ನಿಂತ ಪೋರ್ಚುಗೀಸನ ಹೆಸರೋ ಕೊಡ್ತಿದ್ರು. ಹೆಸರು ಬಂದಿದ್ದು ಲಿಸ್ಬನ್ನಿಂದ, ರಕ್ತ ಅಲ್ಲಿಂದಲೇ ಬರಬೇಕು ಅಂತಿಲ್ಲ. ಎಷ್ಟೋ ಮನೆಗಳಲ್ಲಿ ಹಿಂದಿನ ಹೆಸರು ಪ್ರಭು, ಕಾಮತ್, ಪೈ, ಶೆಣೈ ಅಂತ ಹಿರಿಯರು ಈಗಲೂ ಹೇಳ್ತಾರೆ, ನಿಮ್ಮ ಮನೇಲೂ ಕೇಳಿ.

ನಿಮ್ಮೋರು ಕೆನರಾಕ್ಕೆ ಬಂದಿದ್ದೂ ಒಂದೇ ಸಲ ಅಲ್ಲ. ವಿಚಾರಣೆ ಕೋರ್ಟು ಹಳೇ ಪದ್ಧತಿ ಬಿಡದ ಹೊಸ ಕ್ರೈಸ್ತರ ಮೇಲೇ ಹೆಚ್ಚು ಕಣ್ಣಿಡ್ತಿತ್ತು ಅನ್ನೋದು ಒಂದು ಕಾರಣ, ಬರ, ತೆರಿಗೆ, 1683ರಲ್ಲಿ ಸಂಭಾಜಿಯ ದಾಳಿ, 1739ರ ಹೊತ್ತಿಗೆ ಮತ್ತೆ ಮರಾಠರ ದಾಳಿ, ಎಲ್ಲ ಸೇರಿ ತಳ್ಳಿದ್ದು. ಇಲ್ಲಿ ಕೆಳದಿ ನಾಯಕರಿಗೆ ಬೇಸಾಯಕ್ಕೆ ಕೈ ಬೇಕಿತ್ತು. ಒಂದು ಕ್ಷಣ ಯೋಚ್ನೆ ಮಾಡಿ, ಸಾಷ್ಟಿಯ ಒಂದೇ ಮನೆಯ ಅಣ್ಣ ತಮ್ಮ, ಒಬ್ಬ ಹೊಳೆ ದಾಟಿ ಪ್ರಭುವಾಗೇ ಉಳಿದ, ಒಬ್ಬ ಅಲ್ಲೇ ನಿಂತು ಡಿಸೋಜ ಆದ, ನೂರು ವರ್ಷದ ಮೇಲೆ ಇಬ್ಬರ ಮೊಮ್ಮಕ್ಕಳೂ ಒಂದೇ ರಾಜನ ಗದ್ದೆಯಲ್ಲಿ ಅಕ್ಕಪಕ್ಕ, ಒಂದೇ ಕೊಂಕಣಿ ಮಾತಾಡ್ಕೊಂಡು. ಗುರುತು ಸಿಕ್ಕಿರುತ್ತಾ?

ಕಾಗದ ಹುಡುಕೋದಾದ್ರೆ 1784 ಒಂದು ಗೋಡೆ. ಆ ವರ್ಷ ಟಿಪ್ಪು ಇಲ್ಲಿನ ಕ್ರೈಸ್ತರನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ, ಚರ್ಚುಗಳು ನೆಲಸಮ ಆದ್ವು, ಬದುಕಿ ಉಳಿದೋರು ವಾಪಸ್ ಬಂದಿದ್ದು 1799ರ ನಂತರ. ಅದಕ್ಕೇ ಇಗರ್ಜಿಯ ಬ್ಯಾಪ್ಟಿಸಂ ಪುಸ್ತಕ ಹಿಡಿದು ಹೋದ್ರೆ ಬಹುಪಾಲು ಮನೆಯೋರಿಗೆ ಅದಕ್ಕಿಂತ ಹಿಂದಕ್ಕೆ ದಾರಿ ಸಿಗೋದು ಕಷ್ಟ. ಮಗಳಿಗೆ ಮೊದಲು ನಿಮ್ಮ ಅಜ್ಜಿಯ ಇಗರ್ಜಿ ಯಾವುದು ಅಂತ ಹೇಳಿ, ಡಿಸೆಂಬರಲ್ಲಿ ಊರಿಗೆ ಬಂದಾಗ ಅಲ್ಲಿಂದ ಶುರು ಮಾಡ್ಲಿ.

ಪ್ರಶ್ನೆ: ನನ್ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ. ಅಮೆರಿಕ ವೀಸಾದಲ್ಲಿ ನನ್ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬಂದಿದೆ. ಅಲ್ಲಿ ಎಲ್ರೂ 'ಹಾಯ್ ಫ್ನು' ಅಂತಾರೆ ಗುರೂ. ಇನಿಶಿಯಲ್ ಎಚ್.ಕೆ., ಎಚ್ ಅಂದ್ರೆ ಹುಲಿಯೂರುದುರ್ಗ, ಕೆ ಅಂದ್ರೆ ಅಪ್ಪನ ಹೆಸರು. ಊರಿಗೆ ಹೋಗಿರೋದೇ ಎರಡು ಸಲ, ಜಾತ್ರೆಗೆ. ಯಾವುದನ್ನ ಸರ್‌ನೇಮ್ ಮಾಡ್ಲಿ?
— ಫ್ನು, ಟೆಕ್ಸಾಸ್

ಉತ್ತರ: ಎಫ್‌ಎನ್‌ಯು ಅಂದ್ರೆ ಫಸ್ಟ್ ನೇಮ್ ಅನ್‌ನೋನ್, ಅಂದ್ರೆ ಹೆಸರು ಗೊತ್ತಿಲ್ಲ ಅಂತ. ನಾಮಕರಣಕ್ಕೆ ಊಟ ಹಾಕ್ಸಿದ ನಿಮ್ಮಪ್ಪ ಅಮ್ಮಂಗೆ ಹೇಳ್ಬೇಡಿ.

ಹಳೇ ಮೈಸೂರಿನ ಇನಿಶಿಯಲ್ಲೂ ವಲಸೆಯ ಚೀಟೀನೇ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳೀಲಿ, ಅವರ 'ಎಂ' ಮುದ್ದೇನಹಳ್ಳಿ ಅಂತ ಅಂದ್ಕೊಂಡೋರೇ ಜಾಸ್ತಿ, ಅದು ಮೋಕ್ಷಗುಂಡಂ, ಆಂಧ್ರದ ಗಿದ್ದಲೂರು ಹತ್ರದ ಊರು, ಹಿಂದಿನೋರು ಅಲ್ಲಿಂದ ಬಂದಿದ್ದಕ್ಕೆ ಇವರ ಹೆಸರಿನ ಮುಂದೆ ಕೂತಿದೆ. ಡಿವಿಜಿಯವರ 'ಡಿ' ದೇವನಹಳ್ಳಿ, ಹುಟ್ಟಿದ್ದು ಮುಳಬಾಗಿಲು. ಹಾಗಾಗಿ ಎರಡೇ ಸಲ ಹೋಗಿದೀನಿ ಅಂತ ಸಂಕೋಚ ಬೇಡ, ಆ ಊರಲ್ಲಿ ಇಲ್ಲದೇ ಇರೋದೇ ಅದಕ್ಕೆ ಕ್ವಾಲಿಫಿಕೇಶನ್. ಅಪ್ಪನ ಹೆಸರು ಹಾಕ್ಕೊಳ್ಳೋದು ಸುಲಭ, ಜಾಸ್ತಿ ಜನ ಅದನ್ನೇ ಮಾಡ್ತಾರೆ. ಆದ್ರೆ ನಿಮ್ಮ ಮಕ್ಕಳಿಗೂ ತಾತನ ಹೆಸರೇ ಮುಂದುವರೀಬೇಕಾ, ನಿಮ್ಮ ಹೆಸರು ಬರಬೇಕಾ ಅಂತ ಈಗ್ಲೇ ಯೋಚ್ನೆ ಮಾಡಿ, ಒಂದೇ ಮನೇಲಿ ಎರಡು ಸರ್‌ನೇಮ್ ಆದ್ರೆ ಪ್ರತಿ ಏರ್‌ಪೋರ್ಟಲ್ಲೂ ಉತ್ತರ ಕೊಡ್ಬೇಕಾಗುತ್ತೆ. ನನ್ನ ಓಟು ಊರಿಗೆ. ಡಲ್ಲಾಸ್ ಏರ್‌ಪೋರ್ಟಿನ ಮೈಕಲ್ಲಿ 'ಮಿಸ್ಟರ್ ಹುಲಿಯೂರುದುರ್ಗ' ಅಂತ ಕೂಗೋಕೆ ಆ ಅಮ್ಮ ಪಡೋ ಪಾಡು ಕೇಳೋಕಾದ್ರೂ.

ಪ್ರಶ್ನೆ: ನಾನು ನಾಯಕ್, ಅಂಕೋಲಾ. ಫೇಸ್‌ಬುಕ್ಕಲ್ಲಿ ಒಡಿಶಾದ ಒಬ್ಬ ನಾಯಕ್ ಸಿಕ್ಕಿದ್ದಾರೆ, ನಾವಿಬ್ರೂ ಒಂದೇ ವಂಶ ಅಂತ ದಿನಾ ಮೆಸೇಜ್ ಮಾಡ್ತಾರೆ. ಇರಬಹುದಾ? ನಿನ್ನೆ ಐದು ಸಾವಿರ ಸಾಲ ಕೇಳಿದ್ರು.
— ನಾಯಕ್, ಅಂಕೋಲಾ

ಉತ್ತರ: ನಾಯಕ ಅನ್ನೋದು ಮುಂದಾಳಿಗೆ ಕೊಟ್ಟ ಬಿರುದು, ಬಿರುದಿಗೆ ವಂಶ ಇಲ್ಲ. ಅಂಕೋಲೆಯ ನಾಡವರು ನಾಯಕ್, ಕೊಂಕಣಿ ಸಾರಸ್ವತರಲ್ಲಿ ನಾಯಕ್, ಚಿತ್ರದುರ್ಗದ ಕಡೆ ವಾಲ್ಮೀಕಿ ನಾಯಕರು, ಲಂಬಾಣಿ ತಾಂಡಾದಲ್ಲಿ ಮುಖಂಡನೂ ನಾಯಕ, ಒಡಿಶಾದಲ್ಲಂತೂ ಬೀದಿಗೊಬ್ಬರು. ಕೊಡ್ಬೇಡಿ.